ಮನೆಗೆ ಒಂದು ಗಂಟೆ, ಮನೆಯಿಂದ ಮೂರು

ಸೋರ್ವಾಗುರ್, ಫಾರೋ ದ್ವೀಪಗಳು
೧೧ ಮೇ ೧೯೮೪

ಎಲ್ಸ್ಪಾ,

ನೀನು ಆಸ್ಪತ್ರೆಗೆಂದು ಹೋಗಿ ಇವತ್ತಿಗೆ ಒಂಬತ್ತು ದಿನ. ಫೋನಿನಲ್ಲಿ ನಾನು "ಹೂಂ" ಬಿಟ್ಟು ಬೇರೇನೂ ಮಾತಾಡುವುದಿಲ್ಲ ಎಂದು ವಿಮಾನ ಹತ್ತುವಾಗಲೂ ಬೈದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹದಿನಾರು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿಗೆ ಬರೆದ ಮೊದಲ ಕಾಗದ ಇದು. ತಪ್ಪಿದ್ದರೆ ನಗಬೇಡ.

ಪಕ್ಕದ ಮನೆಯ ಅನ್ನ-ಸೋಫೀಯಾ ಚಿಕ್ಕಮ್ಮ ನನ್ನ ತಲೆ ತಿನ್ನುತ್ತಿದ್ದಾಳೆ. ನೀನು ಹೋದ ದಿನವೇ ವಿಮಾನದ ವೇಳಾಪಟ್ಟಿ ತಂದು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದಿದ್ದಾಳೆ. ನಿನ್ನೆ ಕನ್ನಡಕ ಹಾಕಿಕೊಂಡು ಶುರುಮಾಡಿದಳು.

"ಲೋ ದಾನ್ಯಲ್, ಇಲ್ನೋಡೋ. ಇಲ್ಲಿಂದ ಹತ್ತೂ ಐದಕ್ಕೆ ಹೊರಡತ್ತೆ, ಕೋಪನ್‌ಹೇಗನ್ನಿಗೆ ಒಂದೂ ಹತ್ತಕ್ಕೆ ಮುಟ್ಟತ್ತೆ. ಮೂರು ಗಂಟೆ. ಅಲ್ಲಿಂದ ಎಂಟೂಕಾಲಿಗೆ ಬಿಟ್ರೆ ಇಲ್ಲಿಗೆ ಒಂಬತ್ತೂ ಇಪ್ಪತ್ತು. ಒಂದೇ ಗಂಟೆ!"

"ಚಿಕ್ಕಮ್ಮ, ಹೋದ್ರೂ ಬಂದ್ರೂ ಸಾವಿರದ ಮುನ್ನೂರು ಕಿಲೋಮೀಟರೇ. ಎರಡು ಗಂಟೆ ಐದು ನಿಮಿಷ. ಅವರ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದಿದೆ, ಅಷ್ಟೇ."

"ಗಡಿಯಾರ ಗಿಡಿಯಾರ ನಂಗೆ ಹೇಳ್ಬೇಡ. ಹಸು ಮೇಯೋಕೆ ಹೋಗುವಾಗ ಕಾಲೆಳೀತದೆ, ಕೊಟ್ಟಿಗೆಗೆ ಬರುವಾಗ ಓಡ್ತದೆ. ವಿಮಾನಕ್ಕೆ ಮಾತ್ರ ಮನೆ ಗೊತ್ತಾಗಲ್ವಾ?"

ನೀನಿಲ್ಲಿ ಇದ್ದಿದ್ದರೆ ಅವಳ ಪರ ವಹಿಸಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ. ನಾನೊಬ್ಬನೇ ವಾದ ಗೆದ್ದು ಏನು ಮಾಡಲಿ?

ಕೆಲಸ ಜಾಸ್ತಿಯಾಗಿದೆ. ರೋಲಂಟ್ ಕುರಿ ಅಟ್ಟಲು ಹೋಗಿ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದಾನೆ. ವಿಮಾನ ನಿಲ್ದಾಣದಲ್ಲಿ ಹವೆ ನೋಡುವವನು ಈಗ ನಾನೊಬ್ಬನೇ. ದಿನಾ ಬೆಳಿಗ್ಗೆ ಅಳತೆಯ ಕಂಬದ ಬಳಿ ನಿಂತು ಪಶ್ಚಿಮಕ್ಕೆ ಎಷ್ಟು ದೂರ ಕಾಣುತ್ತದೆ ಎಂದು ನೋಡಿ ಬರೆದುಕೊಡುತ್ತೇನೆ. ದೋಣಿಮನೆ ಕಂಡರೆ ಆರುನೂರು ಮೀಟರು, ನಮ್ಮ ಮನೆಯ ಕೆಂಪು ತಗಡಿನ ಮಾಡು ಕಂಡರೆ ಸಾವಿರದ ಇನ್ನೂರು. ನಮ್ಮ ಮನೆ ಕಂಡರೆ ವಿಮಾನ ಇಳಿಯುತ್ತದೆ, ಕಾಣದಿದ್ದರೆ ಇಲ್ಲ. "ನನ್ನ ಮಾಡು ನೋಡೋಕೆ ಸರ್ಕಾರ ನಿಂಗೆ ಸಂಬಳ ಕೊಡತ್ತೆ" ಎನ್ನುತ್ತಿದ್ದೆಯಲ್ಲ, ಈಗ ಅದು ನಿಜವಾಗಿಯೂ ಒಂದು ಕೆಲಸ ಅನ್ನಿಸುತ್ತಿದೆ. ಒಲೆ ಹೊತ್ತಿಸುವವರಿಲ್ಲದೆ ಹೊಗೆ ಬರುವುದಿಲ್ಲ, ಮಾಡು ಮಾತ್ರ ಕಾಣುತ್ತದೆ.

ಒಣಗಿಸಿದ ಕುರಿಮಾಂಸ ಕಳಿಸಿದ್ದೇನೆ. ಡೇನರ ಮುಂದೆ ಬಿಚ್ಚಬೇಡ.

ದಾನ್ಯಲ್


ಕೋಪನ್‌ಹೇಗನ್
೧೯ ಮೇ

ದಾನ್ಯಲ್,

ಬಿಚ್ಚಿದೆ. ನರ್ಸ್ ಓಡಿಬಂದು ಎಲ್ಲ ಕಿಟಕಿ ತೆರೆದಳು, ಮಂಚದ ಕೆಳಗೆ ಬಗ್ಗಿ ಏನು ಸತ್ತಿದೆ ಎಂದು ಹುಡುಕಿದಳು. "ಇದು ನಮ್ಮ ಮನೆಯ ಊಟ" ಎಂದೆ. ಲೋನೆ ಎಂದು ಅವಳ ಹೆಸರು. ಧೈರ್ಯದ ಹುಡುಗಿ, ಒಂದು ಚೂರು ಬಾಯಿಗೆ ಹಾಕಿಕೊಂಡು ಅತ್ತಳು. ಈಗ ನಾವಿಬ್ಬರೂ ಗೆಳತಿಯರು.

ಪಕ್ಕದ ಮಂಚದಲ್ಲಿ ಡೆನ್ಮಾರ್ಕಿನ ಯೂಲಾಂಡ್ ಕಡೆಯ ಒಬ್ಬ ಮುದುಕಿ ಇದ್ದಾಳೆ. ನಿನ್ನೆ ಕೇಳಿದಳು: "ನಿಮ್ಮೂರಲ್ಲಿ ಮರಾನೇ ಇಲ್ವಂತೆ, ಹೌದೇನಮ್ಮಾ? ಪಾಪ, ನಾಯಿಗಳೇನು ಮಾಡ್ತವೆ?" ಯುದ್ಧದಲ್ಲಿ ಬ್ರಿಟಿಷರು ಬಿಟ್ಟುಹೋದ ಟೆಲಿಫೋನ್ ಕಂಬ ಇದೆ ಎಂದು ಏನೋ ಸುಳ್ಳು ಹೇಳಿದೆ. ನಂಬಿದಳು.

ಚಿಕ್ಕಮ್ಮನಿಗೆ ಹೇಳು, ಅವಳ ಲೆಕ್ಕವೇ ಸರಿ. ಬರುವಾಗ ನನಗೆ ಮೂರು ಗಂಟೆಯೇ ಆಯಿತು. ಒಂದೊಂದು ನಿಮಿಷವನ್ನೂ ಎಣಿಸಿದ್ದೇನೆ.

ಡಾಕ್ಟರುಗಳು ಎಕ್ಸ್-ರೇ ಪಟಗಳನ್ನು ಬೆಳಕಿಗೆ ಹಿಡಿಯುತ್ತಾರೆ, ತಮ್ಮತಮ್ಮಲ್ಲೇ ಮಾತಾಡುತ್ತಾರೆ. ಇನ್ನೊಂದು ಸುತ್ತು ಔಷಧ ಎಂದಿದ್ದಾರೆ. ಇಲ್ಲಿ ಎಲ್ಲರೂ ನಿಂತುಕೊಂಡೇ ಮಾತಾಡುವವರು. ಇವತ್ತು ಒಬ್ಬರು ಮಾತ್ರ ಕುರ್ಚಿ ಎಳೆದುಕೊಂಡು ಕೂತು ಅರ್ಧ ಗಂಟೆ ಮಾತಾಡಿದರು. ಒಳ್ಳೆಯ ಮನುಷ್ಯ.

ಸಮುದ್ರದ ಕಡೆಯ ಮಾಡಿಗೆ ಈ ವರ್ಷ ಬಣ್ಣ ಬಳಿಯಬೇಕು. ಉಪ್ಪುಗಾಳಿಗೆ ಮಂಕಾಗಿದೆ. ಅದೇ ಕೆಂಪು, ಬೇರೆ ತರಬೇಡ.

ಎಲ್ಸ್ಪಾ


ಸೋರ್ವಾಗುರ್
೩ ಜೂನ್

ಎಲ್ಸ್ಪಾ,

ಐದು ದಿನ ಮಂಜು. ವಿಮಾನವಿಲ್ಲ, ಟಪಾಲಿಲ್ಲ, ಅಂಗಡಿಯಲ್ಲಿ ಹಾಲೂ ಇಲ್ಲ. ಊರವರೆಲ್ಲ ನಾನೇ ಮಂಜು ತಂದು ಸುರಿದೆನೋ ಎನ್ನುವಂತೆ ನೋಡುತ್ತಾರೆ. ಟೋರ್ಸ್‌ಹಾವ್ನ್‌ನಿಂದ ಬಂದ ವ್ಯಾಪಾರಿಯೊಬ್ಬ ಕಂಬದ ತನಕ ನಡೆದು ಬಂದು, "ನಂಗೆ ಕಾಣಿಸ್ತಿದೆಯಪ್ಪಾ ನಿಮ್ಮನೆ, ನಿಂಗೇ ಯಾಕೆ ಕಾಣಲ್ಲ?" ಎಂದ. "ಹಾಗಾದ್ರೆ ನೀವೇ ವಿಮಾನ ಇಳಿಸಿ" ಎಂದೆ. ಗೊಣಗುತ್ತಾ ವಾಪಸು ಹೋದ. ಕಾಣದ್ದನ್ನು ಕಂಡಿತು ಎಂದು ನಾನು ಒಂದು ಸಲವೂ ಬರೆದಿಲ್ಲ. ಸುತ್ತ ಬೆಟ್ಟ ಇರುವ ಊರು ಇದು.

ಮಂಜು ಸರಿದ ದಿನ ನಿನ್ನ ಮೂರು ಕಾಗದಗಳು ಒಟ್ಟಿಗೆ ಬಂದವು. ಒಂದೇ ಕೂತಿನಲ್ಲಿ ಓದಿ ಮುಗಿಸಿದೆ, ಆಮೇಲೆ ಪಶ್ಚಾತ್ತಾಪವಾಯಿತು. ದಿನಕ್ಕೊಂದರಂತೆ ಇಟ್ಟುಕೊಳ್ಳಬೇಕಿತ್ತು.

ಕುರ್ಚಿ ಎಳೆದುಕೊಂಡು ಕೂತ ಡಾಕ್ಟರ ವಿಷಯ ಓದಿ ಮನಸ್ಸಿಗೆ ಹಗುರವಾಯಿತು. ಕಾಯಿಲೆ ದೊಡ್ಡದಾಗಿದ್ದರೆ ಅವಸರದಲ್ಲಿ ಓಡಾಡುತ್ತಿದ್ದರು. ಕೂತು ಹರಟೆ ಹೊಡೆಯಲು ಬಿಡುವಿದೆ ಎಂದರೆ ನೀನು ಬೇಗ ಬರುತ್ತೀ ಎಂದೇ ಅರ್ಥ.

ಮಾಡಿಗೆ ಬಣ್ಣ ಬಳಿದಾಯಿತು. ಅದೇ ಕೆಂಪು. ಚಿಕ್ಕಮ್ಮ ಕೆಳಗೆ ನಿಂತು, "ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ, ಅಲ್ಲಿಂದ ಬೀಳ್ಬೇಡ, ಅವಳು ಬಂದು ನನ್ನ ಕೊಲ್ತಾಳೆ" ಎಂದು ಕಿರುಚುತ್ತಿದ್ದಳು.

ನಾನೇ ಒಂದು ವಾರ ಅಲ್ಲಿಗೆ ಬರಲೇ? ಮೇಲಿನವರನ್ನು ಕೇಳಿದರೆ ಬೇರೆ ದ್ವೀಪದಿಂದ ಯಾರನ್ನಾದರೂ ಕಳಿಸಬಹುದು. ನೀನು ಬಾ ಎಂದರೆ ಸಾಕು.

ದಾನ್ಯಲ್


ಕೋಪನ್‌ಹೇಗನ್
೨೦ ಜೂನ್

ದಾನ್ಯಲ್,

ತಡವಾಯಿತು. ಬಲಗೈಗೆ ಸೂಜಿ ಹಾಕಿದ್ದಾರೆ, ಇದು ಎಡಗೈ ಬರಹ. ಅಕ್ಷರ ನೋಡಿ ಗಾಬರಿಯಾಗಬೇಡ.

ನೀನು ಬರುವುದು ಬೇಡ. ಔಷಧ ಮುಗಿಯಿತು, ಇನ್ನು ಕೊಡುವುದಿಲ್ಲವಂತೆ. ನಾನೇ ಗುರುವಾರ ಇಪ್ಪತ್ತೆಂಟನೇ ತಾರೀಖು ಬೆಳಗಿನ ವಿಮಾನಕ್ಕೆ ಬರುತ್ತೇನೆ. ಎಡಗಡೆಯ ಕಿಟಕಿ ಕೇಳಿದ್ದೇನೆ.

ಮಂಚವನ್ನು ಸಮುದ್ರದ ಕಡೆಯ ಕೋಣೆಗೆ ಹಾಕು.

ಎಲ್ಸ್ಪಾ


ಸೋರ್ವಾಗುರ್
೨೪ ಜೂನ್

ಎಲ್ಸ್ಪಾ, ಎಲ್ಸ್ಪಾ,

ಔಷಧ ಮುಗಿಯಿತು! ಆ ಸಾಲನ್ನು ಚಿಕ್ಕಮ್ಮನಿಗೆ ಎರಡು ಸಲ ಓದಿ ಹೇಳಿದೆ. ಅವಳು ಎದ್ದು ಹೋಗಿ ಹೊಲದ ಹುಳಿ ರೇವಲ್‌ಚೀನಿ ದಂಟೆಲ್ಲ ಕಿತ್ತು ತಂದು ಜಾಮ್ ಮಾಡಲು ಕೂತಿದ್ದಾಳೆ. ಒಂಬತ್ತು ಬಾಟಲಿ ಆಗಿದೆ. ನೀನು ಒಂದು ಸೈನ್ಯ ಕಟ್ಟಿಕೊಂಡು ಬರುತ್ತೀ ಎಂದುಕೊಂಡಿದ್ದಾಳೋ ಏನೋ.

ಆದರೆ ನಿನಗೆ ಡೇನರ ಗಾಳಿ ಚೆನ್ನಾಗಿಯೇ ಬಡಿದಿದೆ. "ಗುರುವಾರ ಬರುತ್ತೇನೆ"! ನಮ್ಮಲ್ಲಿ ತೊಟ್ಟಿಲ ಮಗುವೂ ಹಾಗೆ ಹೇಳುವುದಿಲ್ಲ. ನನ್ನಪ್ಪ ಎದುರು ದಡಕ್ಕೆ ಹುಲ್ಲು ತರಲು ಹೋಗುವಾಗಲೂ "ಹವೆ ಕೊಟ್ಟರೆ ಸಂಜೆ ಬರ್ತೀನಿ" ಎನ್ನುತ್ತಿದ್ದ. ಪಾದ್ರಿಗಳು ಭಾನುವಾರದ ಪ್ರಾರ್ಥನೆಯನ್ನೂ ಹವೆ ಕೊಟ್ಟರೆ ಎಂದೇ ಸಾರುತ್ತಾರೆ. ಎರಡು ತಿಂಗಳು ರೈಲು ಬಸ್ಸು ನೋಡಿ ಅದನ್ನು ಮರೆತೆಯಾ? ಬಂದಮೇಲೆ ಚಿಕ್ಕಮ್ಮನ ಕೈಲಿ ನಿನ್ನ ಕಿವಿ ಹಿಂಡಿಸುತ್ತೇನೆ.

ಗುರುವಾರ ಕಂಬದ ಬಳಿ ನಾನೇ ಇರುತ್ತೇನೆ. ಮನೆ ನೋಡಿ ನಿನ್ನನ್ನು ಇಳಿಸುವವನು ನಾನೇ. ಎಡಗಡೆ ಕಿಟಕಿಯಿಂದ ಮೊದಲು ಟಿಂಡ್‌ಹೋಲ್ಮುರ್ ಬಂಡೆಯ ಐದು ಕೋಡು ಕಾಣುತ್ತದೆ, ಆಮೇಲೆ ಹೊಸ ಬಣ್ಣದ ಮಾಡು. ಒಲೆ ಹೊತ್ತಿಸಿಯೇ ಬರುತ್ತೇನೆ, ಹೊಗೆಯೂ ಕಾಣಲಿ.

ಮಂಚ ಹಾಕಿದ್ದೇನೆ.

ನಿನ್ನ ದಾನ್ಯಲ್


ಸೋರ್ವಾಗುರ್
೨೮ ಜೂನ್, ಗುರುವಾರ

ಎಲ್ಸ್ಪಾ,

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬೆಳಗಿನ ಆರಕ್ಕೆ ಐದು ಕೋಡೂ ಕಾಣುತ್ತಿದ್ದವು. ನೀನು ಹೊರಟ ಸುದ್ದಿ ಬಂದಾಗ ಆಕಾಶ ತೊಳೆದಂತಿತ್ತು. ಎಂಟೂವರೆಗೆ ಸಮುದ್ರದಿಂದ ಮಂಜು ಒಳಗೆ ನುಗ್ಗಿತು. ದೋಣಿಮನೆ ಕಂಡಿತು, ಅದರಾಚೆ ಬಿಳಿ ಬಿಟ್ಟು ಏನೂ ಇಲ್ಲ. ಆರುನೂರು ಎಂದು ಬರೆದುಕೊಟ್ಟೆ. ನೀವು ಬಂದು ಸುತ್ತಿದ್ದು ಕೇಳಿಸಿತು. ಎರಡು ಸುತ್ತು. ಮೊದಲನೆಯ ಸಲ ಎಷ್ಟು ಹತ್ತಿರ ಎಂದರೆ, ಕೈ ಎತ್ತಿದೆ. ಯಾರಿಗೆ ಕಾಣುತ್ತದೆ ಎಂದು ಎತ್ತಿದೆನೋ ಗೊತ್ತಿಲ್ಲ. ಆಮೇಲೆ ಸದ್ದು ಪೂರ್ವಕ್ಕೆ ಹೋಯಿತು. ನಾರ್ವೆಯ ಬರ್ಗೆನ್‌ನಲ್ಲಿ ಕಾದು ಕೋಪನ್‌ಹೇಗನ್ನಿಗೆ ಮರಳಿದಿರಿ ಎಂದು ಮಧ್ಯಾಹ್ನ ತಿಳಿಯಿತು.

ಚಿಕ್ಕಮ್ಮ ಜಾಮ್ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಮನೆ ತನಕ ಬಂದವಳನ್ನ ಅಟ್ಟಿಬಿಟ್ಯಲ್ಲೋ ಪಾಪಿ" ಎಂದಳು. ತಮಾಷೆಗೇ ಎಂದಳು, ಆದರೂ ಊಟ ಸೇರಲಿಲ್ಲ.

ಇರಲಿ ಬಿಡು. ನಡುವಿನ ವಿಮಾನಗಳಲ್ಲಿ ಜಾಗವಿಲ್ಲವಂತೆ. ಮುಂದಿನ ಗುರುವಾರ ಇದ್ದೇ ಇದೆ. ಎರಡು ತಿಂಗಳು ಕಾದವರಿಗೆ ಒಂದು ವಾರ ಏನು ಮಹಾ. ನೀನು ಅಷ್ಟು ಹೊತ್ತು ಕೂತು ದಣಿದಿರುತ್ತೀ, ಚೆನ್ನಾಗಿ ನಿದ್ದೆ ಮಾಡು. ಹವೆ ಕೊಟ್ಟರೆ ಏಳು ದಿನದಲ್ಲಿ ಮನೆಯಲ್ಲಿ ಜಗಳ ಆಡೋಣ.

ದಾನ್ಯಲ್


ಕೋಪನ್‌ಹೇಗನ್
೨೯ ಜೂನ್

ನನ್ನ ದಾನ್ಯಲ್,

ಅಕ್ಷರ ಲೋನೆಯದು, ಮಾತು ನನ್ನದು. ಇವಳಿಗೆ ನಮ್ಮ ಭಾಷೆ ಬಾರದು, ನಾನು ಒಂದೊಂದೇ ಅಕ್ಷರ ಹೇಳಿಕೊಡುತ್ತಿದ್ದೇನೆ. ಅವಳಿಗೆ ಅರ್ಥವಾಗದಿರುವುದೇ ಒಳ್ಳೆಯದು.

ಕುರ್ಚಿ ಎಳೆದುಕೊಂಡು ಕೂತ ಡಾಕ್ಟರು ಅವತ್ತೇ ಎಲ್ಲ ಹೇಳಿದ್ದರು. ಔಷಧ ಮುಗಿಯಿತು ಎಂದರೆ ಕೆಲಸ ಮಾಡಲಿಲ್ಲ ಎಂದು. ಈ ತಿಂಗಳು ಮತ್ತೆ ಬಂದು ಕೂತು, ಮನೆಗೆ ಹೋಗುವ ಆಸೆಯಿದ್ದರೆ ಈಗಲೇ ಹೋಗಬೇಕು, ಒಂದು ಸಲ ಮಾತ್ರ ಪ್ರಯಾಣ ತಡೆದುಕೊಳ್ಳುತ್ತೀರಿ, ಎರಡನೆಯದಕ್ಕೆ ನಾನು ಒಪ್ಪುವುದಿಲ್ಲ ಎಂದರು. ಲೋನೆ ಮಾಮೂಲಿ ಬಟ್ಟೆ ಹಾಕಿಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದಳು. ಯಾರಿಗೂ ಗೊತ್ತಾಗಲಿಲ್ಲ.

ಐದು ಕೋಡೂ ನೋಡಿದೆ. ಮಂಜಿನ ಮೇಲೆ ಅವಷ್ಟೇ ಎದ್ದಿದ್ದವು. ಅಲ್ಲಿಂದ ಒಳಕ್ಕೆ ಬೆರಳು ಎಳೆದುಕೊಂಡು ಹೋಗಿ, ಇಲ್ಲಿ ನಮ್ಮ ಮನೆ, ಇಲ್ಲಿ ಕಂಬ, ಇಲ್ಲಿ ನನ್ನ ಗಂಡ ಎಂದು ಲೋನೆಗೆ ಗಾಜಿನ ಮೇಲೆ ತೋರಿಸಿದೆ. ಎಲ್ಲ ಬಿಳಿ. ಅವಳು ಹೌದು ಹೌದು ಎಂದು ತಲೆಯಾಡಿಸಿದಳು.

ಈಗ ನಿನಗೆ ಸಿಟ್ಟು ಬರುತ್ತದೆ. ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಕೇಳು, ಹೇಳುತ್ತೇನೆ.

ರೋಲಂಟ್ ಕಾಲು ಮುರಿದುಕೊಂಡಿದ್ದಾನೆ ಎಂದು ನೀನೇ ಬರೆದೆ. ಯಾವ ವಿಮಾನದಲ್ಲಿ ಬಂದರೂ ಕಂಬದ ಬಳಿ ನೀನೇ. ಇದು ಕೊನೆಯದು ಎಂದು ನಿನಗೆ ಗೊತ್ತಿದ್ದರೆ, ಆ ಮಂಜಿನಲ್ಲಿ ನಿನ್ನ ಕಣ್ಣಿಗೆ ಮನೆ ಕಂಡುಬಿಡುತ್ತಿತ್ತು. ನೀನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಕಾಣುತ್ತಿತ್ತು. ನಿನ್ನನ್ನು ನಾನು ಬಲ್ಲೆ. ವಿಮಾನದಲ್ಲಿ ಅರವತ್ತೆರಡು ಜನ ಇದ್ದೆವು, ದಾನ್ಯಲ್. ಮುಂದಿನ ಸಾಲಿನಲ್ಲಿ ಕ್ಲಾಕ್ಸ್‌ವಿಕ್‌ನ ಒಬ್ಬಳು ಎರಡು ವಾರದ ಕೂಸನ್ನು ಮನೆಗೆ ಒಯ್ಯುತ್ತಿದ್ದಳು. ಕೂಸು ದಾರಿಯುದ್ದಕ್ಕೂ ನನ್ನ ಬೆರಳು ಹಿಡಿದುಕೊಂಡಿತ್ತು.

ಅದಕ್ಕೇ ಹೇಳಲಿಲ್ಲ. "ಹವೆ ಕೊಟ್ಟರೆ" ಎಂದು ಬರೆಯಲು ಮಾತ್ರ ನನ್ನಿಂದ ಆಗಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಹವೆಯನ್ನು ಕೇಳದೆ ಬರುತ್ತೇನೆ ಎನ್ನಬೇಕು ಅನ್ನಿಸಿತು.

ಮನೆಗೆ ಬರಬೇಕಿತ್ತು. ತುಂಬಾ ಬರಬೇಕಿತ್ತು.

ಎಲ್ಸ್ಪಾ


ಸೋರ್ವಾಗುರ್
೮ ಜುಲೈ

ಎಲ್ಸ್ಪಾ,

ಈ ಕಾಗದಕ್ಕೆ ಅಂಚೆಚೀಟಿ ಬೇಡ. ಚರ್ಚಿನ ಹಿಂದೆ ನಿನ್ನ ತನಕ ನಡೆದೇ ಬರುತ್ತೇನೆ.

ಮಂಗಳವಾರ ನೀನು ಹೋದೆ ಎಂದು ಲೋನೆ ಫೋನ್ ಮಾಡಿದಳು. ನಾನು "ಹೂಂ" ಎಂದೆ. ಅಷ್ಟೇ ಬಂದದ್ದು. ಕೂಡಲೇ ಚೀಲ ಹಿಡಿದು ನಿಲ್ದಾಣಕ್ಕೆ ಓಡಿದೆ, ಆದರೆ ಗುರುವಾರದ ಮಂಜು ಇನ್ನೂ ಸರಿದಿರಲಿಲ್ಲ. ವಿಮಾನ ಇಲ್ಲ ಎಂದು ಬರೆದುಕೊಟ್ಟವನು ನಾನೇ, ಚೀಲ ಹಿಡಿದು ಕಾದು ಕೂತವನೂ ನಾನೇ. ಸಂಜೆ ರೇಡಿಯೋದಲ್ಲಿ ಸತ್ತವರ ಹೆಸರು ಓದಿದರು. ಚಿಕ್ಕಮ್ಮ ಯಾವತ್ತೂ ತಪ್ಪಿಸದೆ ಕೇಳುವವಳು, ಅವತ್ತು ನಿನ್ನ ಹೆಸರು ಬರುವ ಮೊದಲೇ ಆರಿಸಿಬಿಟ್ಟಳು. "ಓದ್ಲಿ ಬಿಡು ಅವ್ರು, ನಾನ್ ಕೇಳಲ್ಲ" ಎಂದಳು.

ಶುಕ್ರವಾರ ಬೆಳಿಗ್ಗೆ ಮಂಜು ಸರಿಯಿತು. ರೋಲಂಟ್ ಊರುಗೋಲು ಊರಿಕೊಂಡು ಕಂಬದ ತನಕ ಬಂದ.

"ಮನೆಗೆ ಹೋಗೋ. ಇವತ್ತು ನಾನ್ ನೋಡ್ತೀನಿ."

"ಬೇಡ."

"ದಾನ್ಯಲ್, ಯಾರೂ ನಿನ್ನ ಏನೂ ಅನ್ನಲ್ಲ ಕಣೋ."

"ಅವಳನ್ನ ನಾನೇ ಇಳಿಸ್ತೀನಿ ಅಂತ ಬರೆದಿದ್ದೆ."

ಅವನು ಪಕ್ಕದಲ್ಲೇ ನಿಂತ. ದೋಣಿಮನೆ ಕಂಡಿತು. ನಮ್ಮ ಮಾಡು ಕಂಡಿತು, ಚಿಕ್ಕಮ್ಮ ಹೊತ್ತಿಸಿದ ಒಲೆಯ ಹೊಗೆ ಕಂಡಿತು. ಅದರ ಹಿಂದೆ ಐದು ಕೋಡು, ಅದರಾಚೆ ಮಿಕಿನೆಸ್ ದ್ವೀಪದ ದೀಪಸ್ತಂಭವೂ ಕಂಡಿತು. ಎಲ್ಲ ಕಾಣುತ್ತಿದೆ ಎಂದು ಬರೆದೆ. ಮೊದಲು ನಿನ್ನನ್ನು ಇಳಿಸಿದರು, ಆಮೇಲೆ ಟಪಾಲಿನ ಚೀಲ. ನಿನ್ನ ಕಾಗದ ಅದರಲ್ಲಿತ್ತು. ಮುಂದಿನ ಗುರುವಾರ ಇದ್ದೇ ಇದೆ ಎಂದು ನಾನು ಬರೆದದ್ದು ಆ ಎಂಟು ದಿನವೂ ಇಲ್ಲಿನ ಚೀಲದಲ್ಲೇ ಬಿದ್ದಿತ್ತು. ನಿನ್ನನ್ನು ತಂದ ವಿಮಾನವೇ ಅದನ್ನು ಕೋಪನ್‌ಹೇಗನ್ನಿಗೆ ಹೊತ್ತುಕೊಂಡು ಹೋಯಿತು.

ನನಗೆ ನಿನ್ನ ಮೇಲೆ ಸಿಟ್ಟಿದೆ. ನೀನು ಹೇಳಿದಂತೆಯೇ ಬಂತು, ಇನ್ನೂ ಹೋಗಿಲ್ಲ. ಕಾಣದ್ದನ್ನು ಕಂಡೆ ಎನ್ನುವವನು ನಾನಲ್ಲ ಎಂದು ಮೊನ್ನೆಯ ತನಕ ಎದೆ ತಟ್ಟಿಕೊಳ್ಳುತ್ತಿದ್ದೆ. ನಿನ್ನ ಕಾಗದ ಓದಿದ ಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ.

ಇಪ್ಪತ್ತೆಂಟನೇ ತಾರೀಖು ನಾನೂ ಒಂದನ್ನು ಬರೆಯದೆ ಬಿಟ್ಟೆ. ನಿನ್ನ ವಿಮಾನದ ಎರಡನೆಯ ಸುತ್ತಿನಲ್ಲಿ ಮಂಜು ಸ್ವಲ್ಪ ತೆಳುವಾಯಿತು. ಕೆಂಪು ಕಂಡಿತು. ಒಂದು ನಿಮಿಷ ಬಿಡದೆ ಕಂಡರೆ ಮಾತ್ರ ಬರೆಯಬೇಕು ಎಂದು ನಿಯಮ. ಒಂದು, ಎರಡು, ಮೂರು, ನಾಲ್ಕು ಎಂದು ಸೆಕೆಂಡು ಎಣಿಸುತ್ತಾ ನಿಂತೆ. ಐದಕ್ಕೆ ಮುಚ್ಚಿಕೊಂಡಿತು. ಮುಂದಿನ ಗುರುವಾರ ಇದ್ದೇ ಇದೆಯಲ್ಲ ಎಂದುಕೊಂಡೆ.

ನೀನು ಹೇಳಿದ್ದರೆ ನನಗೆ ನಾಲ್ಕೇ ಸಾಕಾಗುತ್ತಿತ್ತು. ನೀನು ಸಮುದ್ರದ ಕಡೆಯ ಕೋಣೆಯಲ್ಲಿ ಮಲಗಿರುತ್ತಿದ್ದೆಯೋ, ಅರವತ್ತೆರಡು ಜನರೂ ಬೆಟ್ಟದ ಮೇಲೆ ಮಲಗಿರುತ್ತಿದ್ದಿರೋ, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ನಿನ್ನೆ ಹೂಳಿಕೆಗೆ ಕ್ಲಾಕ್ಸ್‌ವಿಕ್‌ನಿಂದ ಒಬ್ಬಳು ಬಂದಿದ್ದಳು, ಕೂಸನ್ನು ಎತ್ತಿಕೊಂಡು. ನೀನು ಹೋದದ್ದನ್ನು ಲೋನೆ ಹೇಳಿದಳಂತೆ. ಕೂಸಿನ ಮುಖವನ್ನು ತುಂಬಾ ಹೊತ್ತು ನೋಡಿದೆ. ಬೆರಳು ಕೊಟ್ಟೆ, ಹಿಡಿದುಕೊಂಡಿತು. ಆಗ ಅಳು ಬಂತು, ಎಲ್ಸ್ಪಾ. ಅಲ್ಲಿಯ ತನಕ ಅತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಶುಕ್ರವಾರ ನಿನ್ನನ್ನು ಇಳಿಸುವಾಗ ಚಿಕ್ಕಮ್ಮ ಬೇಲಿಯ ಹತ್ತಿರ ಭಾನುವಾರದ ಬಟ್ಟೆ ಉಟ್ಟು ನಿಂತಿದ್ದಳು, ಗೋಡೆಯಿಂದ ಕಿತ್ತ ವೇಳಾಪಟ್ಟಿ ಕೈಯಲ್ಲಿ. ನಿಲ್ದಾಣದ ಗಡಿಯಾರ ನೋಡಿದಳು, ಪಟ್ಟಿ ನೋಡಿದಳು. ಆಮೇಲೆ ನನ್ನ ತೋಳು ಹಿಡಿದುಕೊಂಡಳು.

"ಎಂಟೂಕಾಲಿಗೆ ಹೊರಟಿದ್ದು, ಒಂಬತ್ತೂ ಇಪ್ಪತ್ತಕ್ಕೆ ಬಂದ್ಳು. ಒಂದೇ ಗಂಟೆ. ನಾನ್ ಹೇಳಿರ್ಲಿಲ್ವೇನೋ?"

"ಹೌದು ಚಿಕ್ಕಮ್ಮ" ಎಂದೆ. "ಒಂದೇ ಗಂಟೆ."

ದಾನ್ಯಲ್